ಮಗು ಹೋದ ಮೇಲಿನ ಊಟ

ದೇವರ ಮೇಲೆ ಸಿಟ್ಟು ಬಂದಾಗ ನಾನು ಹೀಬ್ರೂ ಜನರ ಹಳೆಯ ಶಾಸ್ತ್ರದ ಕಥೆಗಳನ್ನು ಓದುತ್ತೇನೆ. ನಮ್ಮ ದೇವರನ್ನೇ ಬೈದರೆ ಮನೆಯಲ್ಲಿ ಕಾಫಿ ಸಿಗುವುದಿಲ್ಲ. ದೂರದ ದೇವರಾದರೆ ಹೆಂಡತಿ ಸುಮ್ಮನಿರುತ್ತಾಳೆ. ಆ ದೇವರೂ ಸಾಮಾನ್ಯನಲ್ಲ. ಒಂದು ಊರನ್ನೇ ನಿರ್ನಾಮ ಮಾಡುತ್ತೇನೆಂದು ಹೊರಟವನು, ಊರವರು ಗೋಳಾಡಿದರೆ ಕರಗಿಬಿಡುತ್ತಾನೆ. ಇನ್ನೊಂದು ಸಲ ಎಷ್ಟು ಅತ್ತರೂ ಕೇಳುವುದಿಲ್ಲ.

ಹಾಗೆ ಕೇಳದೆ ಹೋದ ಕಥೆಯೊಂದಿದೆ. ಒಬ್ಬ ಅರಸ ಬೇರೊಬ್ಬನ ಹೆಂಡತಿಯನ್ನು ಬಯಸಿ, ಅವಳ ಗಂಡನನ್ನು ಕೊಲ್ಲಿಸಿದ. ಶಿಕ್ಷೆ ಬಂದದ್ದು ಅವಳಲ್ಲಿ ಅರಸನಿಗೆ ಹುಟ್ಟಿದ ಕೂಸಿಗೆ. ಕೂಸು ಹಾಸಿಗೆ ಹಿಡಿದಷ್ಟು ದಿನವೂ ಅರಸ ಅನ್ನ ಬಿಟ್ಟು, ನೆಲಕ್ಕೆ ಬಿದ್ದು ಬೇಡಿದ. ಕೂಸು ಸತ್ತಿತು. ಅವನು ಎದ್ದು, ಸ್ನಾನ ಮಾಡಿ, ಊಟ ತರಿಸಿಕೊಂಡು ಉಂಡ. ಕಲ್ಲೆದೆಯವನು ಎಂದು ತೀರ್ಪು ಕೊಟ್ಟು ನಾನು ಪುಸ್ತಕ ಮುಚ್ಚಿದ್ದೆ. ತೀರ್ಪು ಕೊಡುವುದಕ್ಕೆ ದೇವರೇ ಆಗಬೇಕೆಂದಿಲ್ಲ. ಪಿಂಚಣಿ ಬರುತ್ತಿದ್ದರೂ ಸಾಕು.

ಕಳೆದ ಮಳೆಗಾಲದಲ್ಲಿ, ಹುಣಸೂರಿನ ನಮ್ಮ ಬೀದಿಯ ಬಡಗಿ ಬಷೀರನ ಪುಟ್ಟ ಮಗಳಿಗೆ ಜ್ವರ ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಬಷೀರ್ ಅನ್ನ ಬಿಟ್ಟು, ಅಲ್ಲಿನ ವರಾಂಡದಲ್ಲಿ ದುವಾ ಮಾಡುತ್ತ ಕೂತ. ನನ್ನ ಹೆಂಡತಿಯೂ ತನ್ನ ದೇವರಿಗೆ ಹರಕೆ ಹೊತ್ತಳು. ಯಾವ ದೇವರೂ ಕೇಳಿಸಿಕೊಳ್ಳಲಿಲ್ಲ. ಮಗು ಹೋಯಿತು.

ಅರಸನಿಗಾದರೂ ಅಪರಾಧವಿತ್ತು. ಬಷೀರನದೇನು ಎಂದು ಹುಡುಕಿದೆ. ಹೇಳಿದ ದಿನಕ್ಕೆ ಮಂಚ ಕೊಡುತ್ತಿರಲಿಲ್ಲ, ಅಷ್ಟೇ. ಅದು ಪಾಪವಾಗಿದ್ದರೆ ಹುಣಸೂರಿನ ಯಾವ ಬಡಗಿಯ ಮನೆಯಲ್ಲೂ ಮಕ್ಕಳು ಉಳಿಯುತ್ತಿರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಣ್ಣು ಮುಗಿದ ಮಧ್ಯಾಹ್ನ ನಾನೇ ಅನ್ನ, ಸಾರು ಹೊತ್ತುಕೊಂಡು ಹೋದೆ. ಯಾರೂ ಮುಟ್ಟಲಾರರು ಎಂದುಕೊಂಡಿದ್ದೆ. ಬಷೀರ್ ಕೈಕಾಲು ತೊಳೆದು ಬಂದು ಕೂತು, “ಬಡಿಸಿ ಸಾರ್” ಎಂದ.

ಅಲ್ಲೇ ಕೂತಿದ್ದ ಎದುರುಮನೆಯ ನಿಂಗೇಗೌಡರಿಗೆ ತಡೆಯಲಾಗಲಿಲ್ಲ. “ಅದೆಂಗ್ಲಾ ಇಳೀತದೆ ಗಂಟ್ಲಲ್ಲಿ? ಮಣ್ಣಿನ್ನೂ ಆರಿಲ್ಲ ಕಣೋ.”

“ಮಗೀಗೆ ಉಸಿರಿರೋಗಂಟ ಮೇಲಿರೋನ್ನ ಕೇಳ್ಕೊಳ್ಳಕ್ಕೆ ಏನೋ ಇತ್ತು, ಗೌಡ್ರೇ,” ಎಂದ ಬಷೀರ್. “ಈಗ ಏನಂತ ಕೇಳ್ಲಿ? ನನ್ ಉಪಾಸ ಯಾರ್ಗ್ ತೋರ್ಸ್ಲಿ?”

ಬೇಡುವ ಕೆಲಸ ಮುಗಿದವನಿಗೂ ಹಸಿವಾಗುತ್ತದೆ. ಅರಸ ನನಗೆ ಅರ್ಥವಾದ. ಅರ್ಥವಾಗಿ ಏನು ಬಂತು? ಕೂಸು ಬರಲಿಲ್ಲ, ನನ್ನ ಸಿಟ್ಟೂ ಇಳಿಯಲಿಲ್ಲ.

ಬಷೀರ್ ಸಾರಿನೊಳಗಿನ ಒಣಮೆಣಸಿನಕಾಯಿಯನ್ನು ಆರಿಸಿ ಪಕ್ಕಕ್ಕಿಟ್ಟ. ಅನ್ನವನ್ನು ಮೆತ್ತಗೆ ಕಿವುಚಿ, ಪುಟ್ಟ ಬಾಯಿಗೆ ಹಿಡಿಸುವಷ್ಟೇ ತುತ್ತು ಕಟ್ಟಿ, ಊದಿ ಆರಿಸಿದ. ತುತ್ತು ಎತ್ತಿದ ಕೈ, ಯಾವ ಕಡೆ ಹೋಗಬೇಕೆಂದು ತಿಳಿಯದೆ ಹಾಗೇ ನಿಂತಿತು.

ಶಾಸ್ತ್ರದಲ್ಲಿ ಅರಸ ಉಂಡ ಎಂದಷ್ಟೇ ಇದೆ. ಬರೆದವರು ಅವನ ತಟ್ಟೆಯ ಹತ್ತಿರ ಕೂತಿರಲಿಲ್ಲ.