ಪುಂಗೋಲ್ ಮನೆಯ ಹುಂಜದ ಟೋಕನ್‌ಗಳು

2014ರಲ್ಲಿ ನಾನು ಸಿಂಗಾಪುರದ ಒಂದು ಹರಾಜು ಸಂಸ್ಥೆಯಲ್ಲಿ ಲೋಹ ಪರೀಕ್ಷಕಿಯಾಗಿದ್ದೆ. ಹಳೆಯ ನಾಣ್ಯ ಅಸಲಿಯೋ ನಕಲಿಯೋ ಎಂದು ಹೇಳುವುದು ನನ್ನ ಕೆಲಸ. ಜಗಳಕ್ಕೆ ಇಳಿಯುವುದು ಆ ಕೆಲಸಕ್ಕೆ ಸೇರಿದ್ದಲ್ಲ. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡಲಿ!

ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಪುಂಗೋಲ್ ಬಡಾವಣೆಯಿಂದ ಮಹೇಶ್ ಎಂಬ ಐಟಿ ಉದ್ಯೋಗಿ ಫೋನ್ ಮಾಡಿದ. "ಮೇಡಂ, ನಮ್ಮನೆ ಹೆಲ್ಪರ್ ನನ್ನ ಟೋಕನ್ಸ್ ಕದ್ದು ಫೇಕ್ ಇಟ್ಟಿದ್ದಾಳೆ. ನೀವು ಚೆಕ್ ಮಾಡಿ ರಿಪೋರ್ಟ್ ಕೊಡಿ, ಅವಳನ್ನ ಜೈಲಿಗೆ ಕಳಿಸ್ತೀನಿ."

ಆ ಸಂಗ್ರಹ ನನಗೆ ಗೊತ್ತಿತ್ತು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಚಿಲ್ಲರೆಗೆ ಬರ ಬಂದಾಗ ವರ್ತಕರು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿ ತರಿಸಿದ್ದ ತಾಮ್ರದ ಬಿಲ್ಲೆಗಳವು. ಮೇಲೆ ಹುಂಜದ ಚಿತ್ರ. ಕಾಲ ಕಳೆದಂತೆ ತಾಮ್ರದ ಮೇಲೆ ಕಟ್ಟುವ ಕಪ್ಪು ಪದರಕ್ಕೇ, ಅಂದರೆ ಪ್ಯಾಟಿನಾಕ್ಕೇ, ಸಂಗ್ರಾಹಕರು ಬೆಲೆ ಕೊಡುವುದು. ಹಿಂದಿನ ವರ್ಷ ಅವುಗಳ ಫೋಟೊ ತೆಗೆದವಳು ನಾನೇ.

ಬಾಗಿಲು ತೆರೆದವಳು ಮೂರ್ನಿ, ಆ ಮನೆಯಲ್ಲೇ ಇದ್ದು ಮನೆಗೆಲಸ ಮಾಡುವ ಇಂಡೋನೇಷ್ಯಾದ ಹೆಲ್ಪರ್. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಬಲಗೈಗೆ ಸುತ್ತಿದ್ದ ಅಡುಗೆಮನೆಯ ಬಟ್ಟೆಯಲ್ಲಿ ರಕ್ತ ಒಣಗಿತ್ತು, ಅದರಾಚೆ ಒಂದು ಬೆರಳು ಸೊಟ್ಟಗೆ ತಿರುಗಿತ್ತು.

"ಬಾತ್‌ರೂಮಲ್ಲಿ ಬಿದ್ಲು," ಎಂದ ಮಹೇಶ್, ನಾನು ಕೇಳುವ ಮೊದಲೇ. ಹಬ್ಬಕ್ಕೆಂದು ದಾವಣಗೆರೆಯಿಂದ ಬಂದಿದ್ದ ಅವನ ತಾಯಿ ಸೋಫಾದಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಮ್ಯಾಮ್, ಐ ನೋ ಟೇಕ್," ಎಂದಳು ಮೂರ್ನಿ. ಅಷ್ಟಕ್ಕೇ ಅವನ ಕೈ ಅವಳ ಕೆನ್ನೆಗೆ ಬಿತ್ತು. ನನ್ನ ಎದುರಿಗೇ!

"ಇನ್ನೊಂದು ಏಟು ಬಿದ್ದರೆ ರಿಪೋರ್ಟೂ ಇಲ್ಲ, ಏನೂ ಇಲ್ಲ," ಎಂದೆ. ಹಲ್ಲು ಕಚ್ಚಿಕೊಂಡು ಡಬ್ಬಿ ತೆರೆದೆ. ಬಿಲ್ಲೆಗಳು ಹೊಸ ಪೈಪಿನ ಹಾಗೆ ಫಳಫಳ ಹೊಳೆಯುತ್ತಿದ್ದವು. ಲೋಹದಲ್ಲಿ ಏನೇನು ಬೆರೆತಿದೆ ಎಂದು ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರ ಹಿಡಿದೆ: ಹಳೆಯ ತಾಮ್ರವೇ. ಫೋಟೊ ಪಕ್ಕದಲ್ಲಿಟ್ಟು ನೋಡಿದೆ: ಅಂಚಿನ ಅದೇ ಗಾಯಗಳು. ಹುಂಜದ ಬಾಲದ ಸಂದಿಯಲ್ಲಿ ಕಂದು ನಾರು ಸಿಕ್ಕಿಕೊಂಡಿತ್ತು. ಮೂಸಿದೆ. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಬರುವ ವಾಸನೆ.

"ಮಹೇಶ್, ಇವು ನಿಮ್ಮವೇ. ಯಾರೋ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದ್ದಾರೆ, ಅಷ್ಟೇ."

ಸಮಾಧಾನ ಆಗಬೇಕಿತ್ತಲ್ಲ? ಇಲ್ಲ. "ಹಾಳು ಮಾಡಿದ್ಲಾ!" ಎಂದು ಮೂರ್ನಿಯ ಜುಟ್ಟು ಹಿಡಿದು ಎಳೆದು, ತಲೆಯನ್ನು ಬಾಗಿಲಿನ ಗ್ರಿಲ್‌ಗೆ ಅಪ್ಪಳಿಸಿದ. ಮತ್ತೊಮ್ಮೆ ಎಳೆಯುವಷ್ಟರಲ್ಲಿ ಕೈಯಲ್ಲಿದ್ದ ಯಂತ್ರವನ್ನೇ ಅವನ ಮೊಣಕೈಗೆ ಬೀಸಿದೆ. ಎಲುಬಿಗೆ ತಾಗಿದ ಸದ್ದು ಕೇಳಿ, ಸುಳ್ಳೇಕೆ, ಖುಷಿಯಾಯಿತು. ಮೂರ್ನಿಯನ್ನು ನನ್ನ ಬೆನ್ನ ಹಿಂದೆ ಎಳೆದುಕೊಂಡೆ. ಅವಳ ಹಣೆಯಿಂದ ಸುರಿದ ರಕ್ತ ನನ್ನ ಕುರ್ತಾಕ್ಕೆ ಹತ್ತಿತು.

ಹಾಲ್‌ನ ಮೂಲೆಯ ದೇವರ ಗೂಡಿನಲ್ಲಿ ಕಲಶ, ತಟ್ಟೆ, ಪಂಚಪಾತ್ರೆ ಎಲ್ಲವೂ ಅಷ್ಟೇ ಹೊಳೆಯುತ್ತಿದ್ದವು.

"ಆಂಟಿ, ದೇವರ ಪಾತ್ರೆ ಯಾರು ತೊಳೆದಿದ್ದು?"

"ಅವಳನ್ನ ದೇವರ ಹತ್ರ ಎಲ್ಲಿ ಬಿಡ್ತೀವಮ್ಮ..." ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ, "ಲಕ್ಷ್ಮಿ ಮುಂದೆ ಕಾಸು ಕಪ್ಪಗೆ ಇಡಬಾರದು ಅಂತ ನಾನೇ ತೊಳೆದೆ. ಇವನ ಸಿಟ್ಟಿಗೆ ಹೆದರಿ ಸುಮ್ಮನಾದೆ," ಎಂದರು.

ಮಹೇಶ್ ಇನ್ನೊಂದು ಕೈ ಎತ್ತಿದ, ಆದರೆ ಅದು ಎತ್ತಿದಲ್ಲೇ ನಿಂತಿತು. ತಾಯಿಯ ಮೇಲೆ ಅದು ಇಳಿಯಲಿಲ್ಲ.

ನಾನು ಪೊಲೀಸರಿಗೆ ಫೋನ್ ಮಾಡುತ್ತಿದ್ದಾಗ ಆ ತಾಯಿ ನನ್ನ ಸೆರಗಿಲ್ಲದ ಕುರ್ತಾದ ತುದಿ ಹಿಡಿದರು. "ಮನೆ ವಿಷಯ ಹೊರಗೆ ಬೇಡಮ್ಮ. ಅವಳಿಗೊಂದು ಹೊಸ ಬಟ್ಟೆ ಕೊಡಿಸ್ತೀನಿ."

"ಅವಳ ಬೆರಳು ಮುರಿದಿದೆ ಆಂಟಿ!" ಎಂದು ಕಿರುಚಿದೆ.

ಆಂಬ್ಯುಲೆನ್ಸ್ ಹತ್ತುವಾಗಲೂ ಮೂರ್ನಿ ನೋವಿನ ಮಾತೆತ್ತಲಿಲ್ಲ. "ಮ್ಯಾಮ್, ಯು ರೈಟ್ ಓಕೆ? ಮೂರ್ನಿ ನಾಟ್ ಥೀಫ್," ಎಂದಳು. ಲೋಹದ ವರದಿಯಲ್ಲಿ ಮನುಷ್ಯರ ಹೆಸರು ಬರೆಯುವ ಪದ್ಧತಿ ಇಲ್ಲ. ಮೂರ್ನಿ ಕಳ್ಳಿಯಲ್ಲ ಎಂದು ನಾನು ಬರೆದೆ. ಮಹೇಶನಿಗೆ ಶಿಕ್ಷೆಯಾದ ದಿನ ಕೋರ್ಟಿನಲ್ಲಿ ಆ ಸಾಲನ್ನೂ ಓದಿದರು.

ಆಮೇಲೆ ಕೆಲಸಕ್ಕೆ ಬಂದ ಹೊಸಬರಿಗೆಲ್ಲ ನಾನು ಒಂದೇ ಪಾಠ ಹೇಳಿದ್ದು: ಮನೆಯಲ್ಲಿ ಯಾರ ಮೈಮೇಲಾದರೂ ರಕ್ತ ಕಂಡರೆ ಯಂತ್ರದ ಚೀಲ ಬಿಚ್ಚಬೇಡಿ, ಮೊದಲು ಅವರನ್ನು ಹೊರಗೆ ಕರೆತನ್ನಿ. ಅಷ್ಟು ವರ್ಷ ಕಾದ ತಾಮ್ರ ಇನ್ನೊಂದು ಗಂಟೆ ಕಾಯುತ್ತದೆ.