ಹಳದಿ ಬಸ್ಸಿಗೆ ಕಟ್ಟಿದ ಎತ್ತರದ ಸೀಟು

ಅಮೆರಿಕದ ಹಳೆಯ ಸ್ಕೂಲ್ ಬಸ್ಸುಗಳ ಹುಚ್ಚು ನನಗೆ ಹತ್ತಿದ್ದು ಮೊಬೈಲಿನಿಂದ. ತರೀಕೆರೆಯಲ್ಲಿ ಬಸ್ಸಿನ ಸೀಟು ಕಟ್ಟುವುದು ನನ್ನ ಕೆಲಸ. ರೆಕ್ಸಿನ್, ಸ್ಪಂಜು, ಕಬ್ಬಿಣದ ಪೈಪು ಬಿಟ್ಟರೆ ಬೇರೆ ಪ್ರಪಂಚ ಗೊತ್ತಿಲ್ಲದವನು ನಾನು. ಒಂದು ದಿನ ಉದ್ದ ಮೂತಿಯ ಹಳದಿ ಬಸ್ಸೊಂದರ ವಿಡಿಯೊ ಕಣ್ಣಿಗೆ ಬಿತ್ತು. ಆಮೇಲೆ ಊಟ ಮಾಡುವಾಗಲೂ ಅದೇ. ಅಲ್ಲಿ ಮೊದಮೊದಲು ಮಕ್ಕಳನ್ನು ಕುದುರೆ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರಂತೆ. ಕುದುರೆ ಬೆದರದಿರಲೆಂದು ಬಾಗಿಲನ್ನು ಹಿಂದೆ ಇಟ್ಟರಂತೆ. ಕುದುರೆ ಹೋಗಿ ಇಂಜಿನ್ ಬಂದರೂ ಆ ಹಿಂಬಾಗಿಲು ಮಾತ್ರ, ಅಪಾಯದ ಹೊತ್ತಿನಲ್ಲಿ ಇಳಿಯಲು ಬೇಕಾಗುತ್ತದೆಂದು, ಉಳಿದುಕೊಂಡಿತು. ಹಳದಿ ಬಳಿದದ್ದು ಬೆಳಗಿನ ಮಬ್ಬಿನಲ್ಲೂ ಕಪ್ಪು ಅಕ್ಷರ ಕಾಣಲಿ ಎಂದು. ಇದನ್ನೆಲ್ಲ ಹೆಂಡತಿಗೆ ಹೇಳಿದರೆ, "ಆ ಕುದ್ರೆ ಕಟ್ಕಂಡು ನಮಗೇನಾಗ್ಬೇಕು, ಮೊದ್ಲು ಗ್ಯಾಸ್ ತಗಂಬರ್ರಿ" ಅನ್ನುತ್ತಿದ್ದಳು.

ನನ್ನ ತಲೆಗೆ ಹೊಕ್ಕಿದ್ದು ಅವರ ಸೀಟು. ಹಳೆಯ ಬಸ್ಸುಗಳಲ್ಲಿ ಸೀಟಿನ ಬೆನ್ನು ಗಿಡ್ಡ, ಮೇಲೆ ಬರೀ ಕಬ್ಬಿಣದ ಪೈಪು. ಬ್ರೇಕ್ ಹಾಕಿದರೆ ಮಕ್ಕಳ ಬಾಯಿ ಹೋಗಿ ಅದಕ್ಕೇ ಬಡಿಯುತ್ತಿತ್ತು. ಆಮೇಲೆ ಬೆನ್ನನ್ನು ಎತ್ತರಿಸಿ, ಹಿಂದೆ ಮುಂದೆ ಮೆತ್ತೆ ತುಂಬಿದರು. ಅದರ ಬೆಲೆ ನನಗೆ ಯಾರೂ ವಿವರಿಸಬೇಕಿರಲಿಲ್ಲ. ಅಜ್ಜಂಪುರದಿಂದ ತರೀಕೆರೆಯ ಹೈಸ್ಕೂಲಿಗೆ ಬರುವಾಗ ಅಂಥದ್ದೇ ಪೈಪಿಗೆ ಬಡಿದು ನನ್ನ ಮುಂದಿನ ಹಲ್ಲು ಮುರಿದಿತ್ತು.

ಹಾಗಾಗಿ ಇಲ್ಲಿನ ಶಾಲೆಯೊಂದು ಹಳೇ ಬಸ್ಸು ಕೊಂಡು ಸೀಟು ಕಟ್ಟಿಸಲು ಬಂದಾಗ ನಾನು ಹಠಕ್ಕೆ ಬಿದ್ದೆ. ಎತ್ತರದ ಸೀಟೇ ಆಗಬೇಕು ಅಂದೆ. ಶಾಲೆಯ ಕಾರ್ಯದರ್ಶಿ ಒಪ್ಪಿದರು, ಡ್ರೈವರ್ ಒಪ್ಪಲಿಲ್ಲ. ಕಡೂರು ಕಡೆಯ ಯಗಟಿ ಊರಿನವರು, ನನಗಿಂತ ಹಿರಿಯರು, ಮಂಡಿ ನೋವಿನ ಮನುಷ್ಯ. "ಮಕ್ಳ ತಲೇನೇ ಕಾಣಕಿಲ್ವಲ್ಲಪ್ಪಾ" ಅಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ದೊಡ್ಡದೊಂದು ಕನ್ನಡಿ ತಂದು ಅವರ ಮುಂದೆ ಮೇಲ್ಗಡೆ ಬಿಗಿದು, "ತಗಳಣ್ಣ, ಇನ್ನು ನೀನು ಎದ್ದು ಹಿಂದಕ್ಕೆ ಹೋಗೋದೇ ಬ್ಯಾಡ. ಕೂತಲ್ಲೇ ನೋಡ್ಕೋ" ಅಂದೆ. ಮಂಡಿ ನೋವಿನವರಿಗೆ ಇನ್ನೇನು ಬೇಕು, ನಂಬಿದರು.

ಬಸ್ಸು ಓಡಲು ಶುರುವಾದ ಎರಡನೇ ವಾರ, ಅಮೃತಾಪುರದ ಯುಕೆಜಿ ಮಗುವೊಂದು ಬೆಳಿಗ್ಗೆ ಕೊನೆಯ ಸೀಟಿನಲ್ಲಿ ನಿದ್ದೆ ಹೋಯಿತು. ಮಿಕ್ಕ ಮಕ್ಕಳೆಲ್ಲ ಇಳಿದರು. ಡ್ರೈವರ್ ಕನ್ನಡಿ ನೋಡಿದರು. ಎತ್ತರದ ಸೀಟುಗಳ ಸಾಲು ಬಿಟ್ಟರೆ ಏನೂ ಕಾಣಲಿಲ್ಲ. ಬಸ್ಸಿಗೆ ಬೀಗ ಹಾಕಿ ಹೋದರು. ಹತ್ತೂವರೆಗೆ ಯಾರೋ ಕಿಟಕಿ ಬಡಿಯುವ ಸದ್ದು ಕೇಳಿ ಶಾಲೆಯ ಆಯಾ ಓಡಿದರಂತೆ. ಪುಣ್ಯಕ್ಕೆ ಮಗುವಿಗೆ ಏನೂ ಆಗಿರಲಿಲ್ಲ. ಬೆವರಿನಲ್ಲಿ ನೆಂದುಹೋಗಿತ್ತು, ಅತ್ತು ಅತ್ತು ಗಂಟಲು ಕಟ್ಟಿತ್ತು.

ಸಂಜೆ ಶಾಲೆಯಲ್ಲಿ ಸಭೆ ಸೇರಿತು, ನನ್ನನ್ನೂ ಕರೆಸಿದರು. ಮಗುವಿನ ತಾಯಿ ಬೆಂಕಿಯಾಗಿದ್ದರು. "ಬೆಳಿಗ್ ಬೆಳಿಗ್ಗೇನೇ ಹಾಕ್ಕಂಡ್ ಬಂದಿದ್ಯೇನಯ್ಯಾ?" ಎಂದು ಡ್ರೈವರನ್ನು ಕೇಳಿದರು. ಡ್ರೈವರ್ ಬೀಡಿ ಕೂಡ ಸೇದದವರು. ಕಾರ್ಯದರ್ಶಿ ನನ್ನ ಕಡೆ ತಿರುಗಿ, "ಸೀಟಿಂದೇನಾದ್ರೂ ತೊಂದ್ರೆ ಇದೆಯೇನ್ರೀ?" ಅಂದರು. ಡ್ರೈವರ್ ನನ್ನನ್ನೇ ನೋಡುತ್ತಿದ್ದರು.

"ಸೀಟು ಚೆನ್ನಾಗಿದೆ ಸಾರ್" ಅಂದೆ. ಕನ್ನಡಿಯ ಮಾತನ್ನು ನಾನೂ ಎತ್ತಲಿಲ್ಲ, ಡ್ರೈವರೂ ಎತ್ತಲಿಲ್ಲ. ಅವತ್ತೇ ಅವರ ಕೆಲಸ ಹೋಯಿತು.

ಆಮೇಲೆ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ಸುಮ್ಮನೆ ಅಲೆಯುತ್ತಿದ್ದೆ. ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚುತ್ತಿದ್ದೆ, ಮತ್ತೆ ಸೊಟ್ಟಗಾಗುತ್ತಿತ್ತು. ನನ್ನ ತಪ್ಪಲ್ಲ ಎಂದು ನನಗೇ ತೋರಿಸಿಕೊಳ್ಳಲು ಅದೇ ವಿಡಿಯೊಗಳನ್ನು ಮತ್ತೆ ಹಾಕಿದೆ. ಅಲ್ಲೇ ಸಿಕ್ಕಿಬಿದ್ದೆ. ಮಕ್ಕಳೆಲ್ಲ ಇಳಿದ ಮೇಲೆ ಆ ದೇಶದ ಡ್ರೈವರಮ್ಮ ಎದ್ದು, ಒಂದೊಂದೇ ಸೀಟನ್ನು ಬಗ್ಗಿ ನೋಡುತ್ತಾ ಕೊನೆಯವರೆಗೂ ನಡೆದು, ಹಿಂಬಾಗಿಲ ಹತ್ತಿರ ಒಂದು ಗುಂಡಿ ಒತ್ತುತ್ತಾಳೆ. ಒತ್ತದಿದ್ದರೆ ಅಲಾರಾಂ ಬಡಿದುಕೊಳ್ಳುತ್ತದೆ. ಆ ಭಾಗವನ್ನು ನಾನು ಮೊದಲೂ ನೋಡಿದ್ದೆ. ಸೀಟಿಗೆ ಸಂಬಂಧವಿಲ್ಲ ಎಂದು ಮುಂದಕ್ಕೆ ಓಡಿಸಿದ್ದೆ. ಅವರ ಸೀಟನ್ನು ತಂದೆ, ಆ ನಾಲ್ಕು ಹೆಜ್ಜೆಯನ್ನು ಬಿಟ್ಟುಬಂದೆ. ಎಷ್ಟು ನಾಚಿಕೆಯಾಯಿತೆಂದರೆ, ಮೊಬೈಲನ್ನು ರೆಕ್ಸಿನ್ ರಾಶಿಯ ಮೇಲೆ ಎಸೆದುಬಿಟ್ಟೆ.

ಮಾರನೇ ದಿನವೇ ಬಸ್ಸಿನೊಳಗೆ ಕೊನೆಯಲ್ಲಿ ಅಂಥದ್ದೊಂದು ಗುಂಡಿ ಕೂರಿಸಿಕೊಟ್ಟೆ. ಆದರೂ ಸಮಾಧಾನವಾಗದೆ ಕಡೂರಿಗೆ ಹೋಗಿ, ಅಲ್ಲಿಂದ ಯಗಟಿಯ ಬಸ್ಸು ಹಿಡಿದೆ. ಡ್ರೈವರ್ ಮನೆ ಮುಂದೆ ತೆಂಗಿನ ಗರಿ ಸವರುತ್ತಿದ್ದರು. "ನಡಿಯಣ್ಣ, ಕಾರ್ಯದರ್ಶಿ ಹತ್ರ ಎಲ್ಲಾ ಹೇಳ್ತೀನಿ. ಕೆಲ್ಸ ವಾಪಸ್ ಕೊಡ್ತಾರೆ" ಅಂದೆ.

ಅವರು ಕತ್ತಿ ಕೆಳಗಿಡಲಿಲ್ಲ. "ಕೆಲ್ಸ ಬುಡಪ್ಪಾ, ಕಡೂರಲ್ಲಿ ಲಾರಿ ಸಿಕ್ಕೈತೆ. ಆ ಮಗೀನ್ ಅವ್ವ ನಾನು ಕುಡ್ದಿದ್ದೆ ಅಂದ್ಕಂಡವ್ಳೆ. ಅವ್ಳಿಗ್ ಹೇಳು ಹೋಗು."

ಮರುದಿನ ಅಮೃತಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಕಟ್ಟುತ್ತಿದ್ದೆ, ಇಳಿಯುವಷ್ಟರಲ್ಲಿ ಎಲ್ಲಾ ಚೆಲ್ಲಾಪಿಲ್ಲಿ. ಆ ತಾಯಿ ಜಗಲಿಗೆ ಬಂದರು, ಮಗು ಸೆರಗು ಹಿಡಿದು ನಿಂತಿತ್ತು. "ಡ್ರೈವರಣ್ಣ ಕುಡ್ದಿರ್ಲಿಲ್ಲ ಕಣಮ್ಮ. ಎದ್ದೋಗಿ ನೋಡೋದು ಬ್ಯಾಡ ಅಂತ ಹೇಳ್ಕೊಟ್ಟವನು ನಾನು" ಅಂದೆ.

"ಮತ್ತೆ ಅವತ್ತು ನಿಮ್ ಬಾಯಿಗೇನಾಗಿತ್ತು?"

"ಹೆದರಿದ್ದೆ."

ಅವರು ಮಗುವನ್ನು ಒಳಗೆ ಕಳಿಸಿದರು. ಆಮೇಲೆ ಡ್ರೈವರ್ ನಂಬರ್ ಕೇಳಿ, ನನ್ನೆದುರಿಗೇ ಫೋನ್ ಮಾಡಿದರು. "ಅಣ್ಣಾ, ತಪ್ಪಾಯ್ತು ಕಣಣ್ಣ" ಎನ್ನುತ್ತಿದ್ದಂತೆ ಅವರಿಗೆ ಅಳು ಬಂತು. ಜಗಲಿಯ ಮೇಲೆ ಒಂದು ಖಾಲಿ ಕುರ್ಚಿಯಿತ್ತು. ಕೂತ್ಕೊಳ್ಳಿ ಎಂದು ಅವರು ನನಗೆ ಅನ್ನಲಿಲ್ಲ.