ಇಳಿಯುವುದಾ, ಬೇಡವಾ

ತಮ್ಮ ಫೋನ್ ಮಾಡಿದಾಗ ಅಪ್ಪ ಮತ್ತು ಸೋದರಮಾವ ಅಮೆರಿಕದ ಅಧ್ಯಕ್ಷನ ವಿಷಯದಲ್ಲಿ ಜಗಳಕ್ಕೆ ಬಿದ್ದು ಚಹಾ ತಣಿದೇ ಹೋಗಿತ್ತು.

ತಮ್ಮ ಎಣ್ಣೆ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಆ ದಿನ ಹಡಗು ಕೊಲ್ಲಿಯ ಒಂದು ಬಂದರಿನಲ್ಲಿತ್ತು. ಮುಂದಿನ ದಾರಿಯಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ನಿಂತಿದ್ದವು. ಬರಲು ಮನಸ್ಸಿಲ್ಲದವರು ಇಲ್ಲಿಯೇ ಇಳಿಯಬಹುದು, ಸಂಜೆಯೊಳಗೆ ತಿಳಿಸಿ ಎಂದು ಕ್ಯಾಪ್ಟನ್ ಹೇಳಿದ್ದರಂತೆ.

"ಅಪ್ಪ, ಮಾವ, ನಾನು ಇಳಿಯುವುದಾ, ಬೇಡವಾ? ನೀವು ಹೇಳಿದ ಹಾಗೆ."

ನಮ್ಮ ತುಳು ಮನೆಗಳಲ್ಲಿ ಹೀಗೆಯೇ. ಅಪ್ಪನಿದ್ದರೂ ತಾಯಿಯ ಅಣ್ಣನ ಒಪ್ಪಿಗೆ ಬೇಕು. ಇಬ್ಬರೂ ಹೂಂ ಎನ್ನದಿದ್ದರೆ ಇದ್ದದ್ದು ಇದ್ದ ಹಾಗೆಯೇ ನಡೆಯುತ್ತದೆ. ಈ ಪದ್ಧತಿ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಅಪ್ಪ ಮಿಲಿಟರಿಯಲ್ಲಿದ್ದವರು. ಮಾವನದು ಪೆರ್ಲದ ಹತ್ತಿರ ಗೇರುಬೀಜದ ಕಾರ್ಖಾನೆ. ಅಮೆರಿಕ ಸುಂಕ ಏರಿಸಿದ ಮೇಲೆ ಅಲ್ಲಿಯ ವ್ಯಾಪಾರಿ ಸರಕು ಬೇಡವೆಂದ, ಕಾರ್ಖಾನೆ ಮುಚ್ಚಿತು.

"ಆ ಅಧ್ಯಕ್ಷ ಹೆದರಿಸ್ಲಿಕ್ಕೆ ಮಾತ್ರ ಹಡಗು ತಂದು ನಿಲ್ಲಿಸಿದ್ದು ಮಗಾ," ಎಂದರು ಅಪ್ಪ. "ಬಲ ತೋರಿಸಿದ್ರೇ ಎದುರಿನವರು ಮಾತಿಗೆ ಬರುದು. ಯುದ್ಧ ಆಗುದಿಲ್ಲ."

"ಎಂತ ಆಗುದಿಲ್ಲ ಭಾವ?" ಮಾವ ಎದ್ದು ನಿಂತರು. "ಬೆಳಿಗ್ಗೆ ಒಂದು ಹೇಳ್ತಾನೆ, ಸಂಜೆಗೆ ಇನ್ನೊಂದು. ನನ್ನ ಕಾರ್ಖಾನೆಗೆ ಬಾಗಿಲು ಹಾಕಿಸಿದವನಿಗೆ ಸಮುದ್ರದಲ್ಲಿ ಬುದ್ಧಿ ಬರ್ತದಾ?"

"ಸುಂಕ ಅವನ ದೇಶಕ್ಕೆ ಬೇಕಾಗಿ ಹಾಕಿದ್ದು. ನಮ್ಮವರು ಹಾಕುದಿಲ್ವಾ?"

"ನಿಮಗೆ ಪೆನ್ಶನ್ ಉಂಟು, ಮಾತಾಡ್ತೀರಿ!"

ಫೋನ್ ಮೇಜಿನ ಮೇಲೆ ಸ್ಪೀಕರ್‌ನಲ್ಲಿತ್ತು. ಮೊದಲು ಅವನಿಗೆ ಉತ್ತರ ಕೊಡಿ ಎಂದು ನಾನು ಕೂಗಿದೆ. ನೀನು ಸುಮ್ಮನಿರು ಎಂದರು ಇಬ್ಬರೂ. ಒಮ್ಮತ ಬಂದದ್ದು ಅದೊಂದರಲ್ಲಿ. ಅಡುಗೆಮನೆಯಿಂದ ಓಡಿಬಂದ ಅಮ್ಮ ಫೋನ್ ಎತ್ತಿಕೊಂಡು "ಇಳಿದು ಬಾ ಮಗಾ" ಎಂದರು. ಲೈನ್ ಆಗಲೇ ಕಡಿದಿತ್ತು. ಮತ್ತೆ ಮತ್ತೆ ಮಾಡಿದರೂ ಸಿಗಲಿಲ್ಲ.

ಕತ್ತಲಾಗುವಾಗ ಅವನ ಧ್ವನಿ ಬಂತು, ರೆಕಾರ್ಡ್ ಮಾಡಿ ಕಳಿಸಿದ್ದು. "ಅಕ್ಕ, ಯಾರೂ ಇಳಿ ಅಂತ ಹೇಳ್ಲಿಲ್ಲ ಅಲ್ವಾ. ಹಡಗು ಬಿಟ್ಟಿತು. ಅಮ್ಮನಿಗೆ ಹೇಳು."

ಮರುದಿನ ಆ ಸಮುದ್ರದಲ್ಲಿ ಹಡಗೊಂದಕ್ಕೆ ಕ್ಷಿಪಣಿ ಬಡಿದ ಸುದ್ದಿ ಬಂತು. ಯಾವ ಹಡಗಿಗೆ ಎಂದು ಹೇಳುವವರಿಲ್ಲ. ಅವನಿಗೆ ಹಡಗಿನ ಕೆಲಸ ಕೊಡಿಸಿದ ಏಜೆಂಟ್ ಕಾಯಿರಿ ಎನ್ನುತ್ತಾನೆ. ಹೇಗೆ ಕಾಯುವುದೋ ನನಗೆ ಗೊತ್ತಾಗುತ್ತಿಲ್ಲ. ಊಟ ಸೇರುವುದಿಲ್ಲ, ಫೋನ್ ಕೈಬಿಡಲು ಭಯ. ಮಾವ ಪೆರ್ಲಕ್ಕೆ ಮರಳಿಲ್ಲ. ಟಿವಿಯಲ್ಲಿ ಅಧ್ಯಕ್ಷ ಕಾಣಿಸಿಕೊಂಡರೆ ಅಪ್ಪ ಆರಿಸಿಬಿಡುತ್ತಾರೆ.

ನಿನ್ನೆ ಬೆಳಿಗ್ಗೆ ಅಪ್ಪ ನನ್ನ ಪಕ್ಕ ಬಂದು ಕುಳಿತರು. "ಇಳಿಲಿಕ್ಕೆ ಹೇಳು ಅವನಿಗೆ. ಮಾವನೂ ಒಪ್ಪಿದ್ದಾರೆ ಅಂತ ಬರಿ."

ಬರೆದು ಕಳಿಸಿದೆ. ಇಬ್ಬರೂ ಬಗ್ಗಿ ಫೋನ್ ನೋಡುತ್ತಿದ್ದರು. ಸಂದೇಶ ಇವತ್ತಿಗೂ ಅವನನ್ನು ಮುಟ್ಟಿಲ್ಲ.